ಮೂರನೇ ತರಗತಿಯ ತಂತಿದಾರಿ

ಮನೆಯಿಂದ ಒಂದೊಂದು ಖಾಲಿ ಬೆಂಕಿಪೊಟ್ಟಣ ತನ್ನಿ ಅಂದಿದ್ದೆ.
ಹದಿನಾಲ್ಕು ಮಕ್ಕಳಲ್ಲಿ ತಂದದ್ದು ಐವರು.
ಉಳಿದವರದು ಚಹಾದ ಡಬ್ಬಿ, ಗುಳಿಗೆಯ ಪೆಟ್ಟಿಗೆ,
ಲಿಜಿಯದು ಅಕ್ಕನ ಮದುವೆ ಬೂಟಿನ ರಟ್ಟು,
ಅದರಲ್ಲಿ ಇಡೀ ತರಗತಿ ಕೂತು ಊರು ದಾಟಬಹುದು.
ತ್ಸೋತ್ನೆಯ ಚೀಲದಲ್ಲಿ ಮಾತ್ರ
ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಮುದ್ದೆ ಹೊಳೆದಂಡೆಯ ಜೇಡಿ.

ನಮ್ಮ ಚಿಯಾತುರಾ ಊರಲ್ಲ, ಒಂದು ಕೊರಕಲು.
ತಳದಲ್ಲಿ ಕ್ವಿರಿಲಾ ನದಿ,
ಗಣಿಯ ಮಸಿ ತೊಳೆದೂ ತೊಳೆದೂ ತಾನೇ ಕರ್ರಗಾದದ್ದು.
ಈ ಗುಡ್ಡದಲ್ಲಿ ಮನೆ, ಆ ಗುಡ್ಡದಲ್ಲಿ ಕೆಲಸ,
ನಡುವೆ ಬರೀ ಗಾಳಿ.
ಆ ಗಾಳಿಯಲ್ಲಿ ತಗಡಿನ ತೊಟ್ಟಿಲುಗಳು
ಜನರನ್ನು ಹೊತ್ತು ಹೋಗುತ್ತಿದ್ದವು, ಬರುತ್ತಿದ್ದವು.
ಈಗ ಹೊಸವು ಬಂದಿವೆ, ಗಾಜಿನವು, ಕೆಮ್ಮದಂಥವು.
ಹಳೆಯವು ನಿಂತಲ್ಲೇ ನಿಂತು
ತುಕ್ಕಿಗೆ ಊಟವಾಗುತ್ತಿವೆ.

ಶಿಕ್ಷಕರ ಕೈಪಿಡಿ, ಚಟುವಟಿಕೆ ಏಳು: ನಿಮ್ಮೂರಿನ ವಾಹನ.
ಅಂದಕ್ಕೆ ಐದು, ಬಣ್ಣಕ್ಕೆ ಐದು, ಚೊಕ್ಕಟಕ್ಕೆ ಐದು.
ಹತ್ತು ನಿಮಿಷ ಕಳೆಯುವುದರೊಳಗೆ
ಸಾಬಾನ ಕೂದಲಿಗೂ ಗ್ವಾಂತ್ಸಾಳ ತೋಳಿಗೂ ಗೋಂದಿನ ನಂಟಸ್ತಿಕೆ.
ಚೊಕ್ಕಟದ ಕಾಲಮ್ಮು ಹಾಗೇ ಬಿಟ್ಟೆ.

ಕಿಟಕಿಯ ಸರಳಿಗೂ ನಕ್ಷೆಯ ಮೊಳೆಗೂ ದಾರ ಬಿಗಿದೆವು.
ಉಚಾ ಹಸಿರು ಬಳಿಯುತ್ತಿದ್ದ, ಹಸಿರು ಮುಗಿಯಿತು.
‘ಉಳಿದರ್ಧ ಬರೋ ವರ್ಷ’ ಎಂದು ಕೈ ಒರೆಸಿಕೊಂಡ,
ಥೇಟ್ ನಮ್ಮ ಪುರಸಭೆ.
ನುತ್ಸಾ ತನ್ನದಕ್ಕೆ ಪರದೆ ಕಟ್ಟಿದಳು.
ಒಳಗೆ ಯಾರೇ ಅಂದರೆ, ‘ನಿಮಗ್ಯಾಕೆ?’

ತ್ಸೋತ್ನೆ ಪೆಟ್ಟಿಗೆ ಮುಟ್ಟಲಿಲ್ಲ.
ಬೆರಳುದ್ದದ ಹೆಂಗಸರನ್ನು ತಿದ್ದುತ್ತ ಕೂತ.
ಕುರ್ಚಿ, ಮಂಡಿ, ತಲೆಗೆ ಕೆಂಪು ಉಲ್ಲನ್ನಿನ ಚೂರು,
ಕೈಯಲ್ಲಿ ಹಿಡಿಕೆಗೊಂದು ಬೆಂಕಿಕಡ್ಡಿ.
‘ಗಾಡಿ ಎಲ್ಲಪ್ಪ?’
‘ಅದನ್ನ ಎಲ್ಲಾರೂ ಮಾಡ್ತಾವ್ರಲ್ಲ. ನಡೆಸೋರು ಯಾರು?’

ಹದಿಮೂರು ಗಾಡಿಗೆ ಹದಿಮೂರು ಜನ ಬೇಕು.
ಜೇಡಿ ಸವೆದಂತೆ ಹೆಂಗಸರೂ ಸವೆದರು,
ಕೊನೆಯವಳು ರಾಜ್ಮಾ ಕಾಳಿನಷ್ಟು, ಕೈಯಿಲ್ಲ, ಕಡ್ಡಿಯಿಲ್ಲ.
ಅವಳ ಪಾಲಿಗೆ ಬಂದದ್ದು ಲಿಜಿಯ ಬೂಟಿನ ರಟ್ಟು.

ಸಾಬಾ ಒಲ್ಲೆ ಅಂದ. ‘ನಂದು ಹೊಸದು. ತಾನೇ ಓಡ್ತದೆ.’
‘ನಡುವೆ ನಿಂತ್ರೆ?’
ಸಾಬಾ ಸೂರು ನೋಡಿದ, ದಾರ ನೋಡಿದ,
ಆಮೇಲೆ ಬಾಗಿಲು ಕೊರೆಯಲು ಕತ್ತರಿ ಕೇಳಿದ.

ಒಂದು ಗಂಟೆಗೆ ಮೊಮ್ಮಗನನ್ನು ಕರೆದೊಯ್ಯಲು
ನಾಜಿಬ್ರೋಲಾ ಬಂದಳು, ಕೈಚೀಲದಲ್ಲಿ ಲೀಕ್ಸೊಪ್ಪು.
ಇಪ್ಪತ್ತಾರು ವರ್ಷ, ದಿನಕ್ಕೆ ನಲವತ್ತು ಸಲ
ಆಚೆಗೆ ಹೋಗಿ ಎಲ್ಲಿಗೂ ಹೋಗದವಳು.
ದಾರದಡಿ ಬಗ್ಗಿ ಬಂದು ಒಂದು ಪೆಟ್ಟಿಗೆಯೊಳಗೆ ಇಣುಕಿದಳು.
ನಾನು ಅಳುವಿಗೆ ಕಾದೆ, ಸುಳ್ಳೇಕೆ.

‘ಕೆಂಪು ಸ್ಕಾರ್ಫು ನಾನ್ಯಾವತ್ತು ಕಟ್ಟಿದ್ದೆನೋ?’ ಅಂದಳು.
‘ಮತ್ತೆ ಹಿಂಗೆ ಕೂರಿಸಿದ್ದೀಯಲ್ಲ!
ಗಾಳಿ ಎದ್ದಾಗ ಯಾರಾದ್ರೂ ಕೂರ್ತಾರಾ? ನಿಲ್ಲಬೇಕು.
ನಾವು ನಿಂತ್ರೆ ಒಳಗಿನವರು ಹೆದರೋದಿಲ್ಲ.’

ಸೊಪ್ಪಿನ ಚೀಲ ಕೆಳಗಿಟ್ಟಳು.
ಮಕ್ಕಳ ಕುರ್ಚಿಯಲ್ಲಿ ಹೇಗೋ ಹಿಡಿಸಿ,
ಎಂಜಲು ತಾಗಿಸಿದ ಹೆಬ್ಬೆರಳಿಂದ
ಒಬ್ಬೊಬ್ಬಳ ಮಂಡಿಯನ್ನೂ ನೀವಿ ನೀವಿ ನೆಟ್ಟಗೆ ಮಾಡಿದಳು.
ತ್ಸೋತ್ನೆ ಎಣಿಸುತ್ತಿದ್ದ. ನುತ್ಸಾ ತಾನೇ ಪರದೆ ಎತ್ತಿದಳು.
ಹನ್ನೆರಡು ಆಯಿತು.

ಹದಿಮೂರನೆಯವಳನ್ನು ಅಂಗೈಯಲ್ಲಿಟ್ಟು
ಕಿಟಕಿಯ ಬೆಳಕಿಗೆ ಹಿಡಿದಳು, ಅಕ್ಕಿಯ ಕಲ್ಲು ನೋಡುವ ಹಾಗೆ.

‘ಇವಳು ಕೂತಿರಲಿ ಬಿಡು’ ಅಂದಳು.
‘ಇವಳು ಪ್ರಯಾಣಕ್ಕೆ ಬಂದವಳು.’