ಅರ್ಧಕ್ಕಿಳಿಸುವ ಮೊದಲು

ಸುದ್ದಿ ಬಂದಾಗ ರಾತ್ರಿ ಹತ್ತೂಮುಕ್ಕಾಲು.
ಹನ್ನೆರಡಕ್ಕೆ ಸಾಹೇಬರ ಫೋನು:
‘ಶಿವಮಾದು, ಬೆಳಗ್ಗೆ ಬಾವುಟ ಅರ್ಧಕ್ಕೆ.
ಹೋದ ಸಲದ ಹಾಗೆ ಮಾಡಬೇಡ.’

ಹೋದ ಸಲ ನಾನು
ನೇರ ಅರ್ಧಕ್ಕೇ ಏರಿಸಿ ಕಟ್ಟಿದ್ದೆ.
ಹಾಗಲ್ಲವಂತೆ.
ಮೊದಲು ತುದಿ ಮುಟ್ಟಬೇಕು,
ಒಂದು ಉಸಿರಿನಷ್ಟು ಅಲ್ಲಿ ನಿಲ್ಲಬೇಕು,
ಆಮೇಲೆ ಇಳಿಯಬೇಕು.
ಸುತ್ತೋಲೆಯಲ್ಲಿ ಬರೆದಿದೆ.

ರಜೆ ಎಲ್ಲರಿಗೂ. ಗುತ್ತಿಗೆಯ ನನಗೆ ಮಾತ್ರ
ಹಗ್ಗದ ಕೆಲಸ, ಬೆಳಗ್ಗೆ ಒಮ್ಮೆ ಸಂಜೆ ಒಮ್ಮೆ.
ಮಳವಳ್ಳಿ ತಾಲ್ಲೂಕು ಕಚೇರಿಯ ಮುಂದೆ
ಛಾಪಾ ಕಾಗದದ ಅನ್ಸರ್ ಪಾಷಾನ ಮೇಜು
ಬೇವಿನ ಮರಕ್ಕೆ ಸರಪಳಿ ಬಿಗಿಸಿಕೊಂಡು
ಕಟ್ಟಿಹಾಕಿದ ಕರುವಿನಂತೆ ನಿಂತಿತ್ತು.
ಗೇಟಿಗೆ ಚೀಟಿ ಅಂಟಿಸಿದೆ:
‘ಗಣ್ಯರ ನಿಧನದ ಪ್ರಯುಕ್ತ ಕಚೇರಿಗೆ ರಜೆ.’
ಪ್ರಯುಕ್ತ.
ಗಣೇಶನ ಹಬ್ಬದ ಚೀಟಿಯಲ್ಲೂ ಅದೇ ಮಾತಿತ್ತು.

ಮೊದಲ ಬಸ್ಸಿಗೆ ಬೆಳಕವಾಡಿಯಿಂದ ಬಂದ ಕೆಂಪದೇವಮ್ಮ
ಚೀಟಿ ಓದಲಾರಳು, ನನ್ನ ಮುಖ ಓದಿದಳು.
‘ಯಾರಪ್ಪ ಹೋಗಿದ್ದು?’
ಹೇಳಿದೆ.
‘ಅಯ್ಯೋ, ಅವ್ರಾ!
ಓಟಿನ ಟೈಮಲ್ಲಿ ನಮ್ಮ ಕೆರೆ ಏರಿ ಮೇಲೆ ಬಂದಿದ್ರು,
ಕಾರಿನ ಕಿಟಕಿಯಿಂದ ಕೈ ಬೀಸಿದ್ರು.
ನನ್ನ ತಲೆ ಮೇಲೆ ಹುಲ್ಲಿನ ಹೊರೆ.
ನಾನು ಬೀಸ್ನಿಲ್ಲ.’

ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು:
‘ಸೂತಕ ಎಷ್ಟು ದಿನ?’
‘ಏಳು ದಿನ. ರಜೆ ಒಂದೇ ದಿನ.’
‘ನಮಗೆ ಹನ್ನೊಂದು. ಹಾಲುತುಪ್ಪ ಯಾರು ಬಿಡ್ತಾರೆ?’
ಅದು ಸುತ್ತೋಲೆಯಲ್ಲಿ ಇರಲಿಲ್ಲ.

ಮಡಿಲಿನಿಂದ ಪ್ಲಾಸ್ಟಿಕ್ ಕವರು ತೆಗೆದಳು.
ಆರು ತಿಂಗಳಿಂದ ಪಿಂಚಣಿ ನಿಂತಿದೆ.
ಕಂಪ್ಯೂಟರಿನಲ್ಲಿ ಇವಳ ಹೆಸರಿನ ಮುಂದೆ
‘ಮರಣ’ ಎಂದಿದೆ.
ಪೂರಿಗಾಲಿಯ ಇನ್ಯಾವಳೋ ಕೆಂಪದೇವಮ್ಮ
ಸತ್ತದ್ದು ಇವಳ ಲೆಕ್ಕಕ್ಕೆ ಬಿದ್ದಿದೆ.
‘ಬುಧವಾರ ಬಾ,
ಬದುಕಿದ್ದೀಯ ಅಂತ ಬರ್ಕೊಡ್ತೀವಿ’
ಅಂದಿದ್ದರು ಪದ್ಮಿನಿ ಮೇಡಂ.
ಇವತ್ತೇ ಬುಧವಾರ.

‘ನಾಳೆ ಬಾರಮ್ಮ.’
‘ನಾಳೆ ನಾಟಿಗೆ ಒಪ್ಕೊಂಡಿವ್ನಿ.’
ಬೈಯಲಿಲ್ಲ. ಕವರು ಮಡಿಚುತ್ತಾ ಅಂದಳು:
‘ಆ ಪೂರಿಗಾಲಿಯವಳಿಗೆ
ಯಾರಾದ್ರೂ ಸೂತಕ ಹಿಡುದ್ರಂತಾ?
ನನ್ನ ಹೆಸರೇ ಅಲ್ವಾ, ಪಾಪ.’

ನಾನು ಹಗ್ಗ ಬಿಚ್ಚಿದೆ.
ರಾಟೆಗೆ ತುಕ್ಕು, ಹಗ್ಗಕ್ಕೆ ವಯಸ್ಸು.
ಬಾವುಟ ಮುಕ್ಕಾಲು ಏರಿ ಸಿಕ್ಕಿಕೊಂಡಿತು.
ತುದಿಯೂ ಅಲ್ಲ ಅರ್ಧವೂ ಅಲ್ಲ,
ಯಾವ ಸುತ್ತೋಲೆಗೂ ಸೇರದ ಜಾಗ.
ಜಗ್ಗಿದೆ. ಇನ್ನೂ ಜಗ್ಗಿದೆ. ಬೆವರು ಬಂತು.
ಅವಳು ಚಪ್ಪಲಿ ಬಿಟ್ಟು ಕಟ್ಟೆ ಹತ್ತಿದಳು.
‘ಬಾವಿ ರಾಟೆನೂ ಹಿಂಗೇ ಕಣಪ್ಪ.
ಜಗ್ಗಬ್ಯಾಡ. ಸಡ್ಲ ಬುಟ್ಟು ಎಳಿ.’

ಸಡಿಲ ಬಿಟ್ಟೆವು.
ಎಳೆದೆವು.
ಕಿರ್ ಎಂದಿತು, ಕೊಟ್ಟಿತು, ತುದಿ ಮುಟ್ಟಿತು.
ಅದು ಅಲ್ಲಿದ್ದ ಆ ಒಂದು ಉಸಿರಿನಲ್ಲಿ
ಅವಳ ಬಲಗೈ ಹಗ್ಗ ಬಿಟ್ಟು
ಕಿವಿಯ ಮಟ್ಟಕ್ಕೆ ಏರಿ
ಎರಡು ಸಲ ಆಡಿತು.
ನೊಣ ಓಡಿಸಿದಳೋ ಏನೋ.
ನಾನು ಕೇಳಲಿಲ್ಲ.

ಹತ್ತೂವರೆ ಬಸ್ಸಿಗೆ ಹೋದಳು.
ಕಂಡಕ್ಟರು ಸತ್ತವಳನ್ನು ಕೂರಿಸಿಕೊಂಡ,
ಆಧಾರ್ ನೋಡಿ ಪುಕ್ಕಟೆ ಟಿಕೆಟ್ಟೂ ಹರಿದುಕೊಟ್ಟ.

ಸಂಜೆಗೂ ಅದೇ ನಿಯಮ:
ಇಳಿಸುವ ಮೊದಲು ಮತ್ತೊಮ್ಮೆ ತುದಿಗೆ.
ಒಬ್ಬನೇ ಇದ್ದೆ. ಸಡಿಲ ಬಿಟ್ಟು ಎಳೆದೆ.
ಏರಿತು.
ಬೆಳಗಿನದು ದೊಡ್ಡವರಿಗಾಯಿತು,
ಇದು ಪೂರಿಗಾಲಿಯವಳಿಗೆ ಇರಲಿ
ಅಂತ ಹಗ್ಗ ಹಿಡಿದು ನಿಂತೆ,
ಒಂದು ಉಸಿರಿಗಿಂತ ಸ್ವಲ್ಪ ಜಾಸ್ತಿಯೇ.

ರಸ್ತೆಯಾಚೆ ಟೀ ಗಾಡಿಯವನು ಕೂಗಿದ:
‘ಏನ್ ಮಾದಣ್ಣ,
ಮತ್ತೆ ಸಿಕ್ಕಾಕೊಂಡ್ತಾ?’