ಪೆಡಲು ಬಿಚ್ಚಿದ ಜಾಗ

ನಾಲ್ಕಿವೆ. ಮೂರು ಹೆಣ್ಣು, ಒಂದು ಗಂಡು.
ಹರಿಹರದ ಕಡೆಯ ಫಾರಮ್ಮಿನಿಂದ ತಮ್ಮ ಕುಬೇರಪ್ಪ
ಚಪ್ಪಲಿ ಡಬ್ಬಿಯಲ್ಲಿ ತಂದು
'ಎರಡು ದಿನ ಇಟ್ಕೊಂಡಿರಕ್ಕ' ಅಂದ.
ಅದು ಯುಗಾದಿಯ ಹಿಂದಿನ ವಾರ.
ಸಾರಿಗೆ ತಂದದ್ದೆಂದು ಅವನು ಹೇಳಲಿಲ್ಲ,
ನಾನು ಕೇಳಲಿಲ್ಲ.
ಫಾರಮ್ಮಿನವರ ಬಾಯಲ್ಲಿ ಗೌಜುಗ. ನಮಗೆ ಬುರ್ಲಿ.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹಿಂದಿನ ಓಣಿ,
ಒಂದೂವರೆ ಕೋಣೆ.
ಆ ಅರ್ಧದಲ್ಲಿ ಅಡುಗೆ, ಅಲ್ಲೇ ಸ್ನಾನ.
ಉಳಿದ ಒಂದರಲ್ಲಿ ಮಂಚ, ಮೆಷಿನ್ನು, ಗಿರಾಕಿಗಳಿಗೊಂದು ಸ್ಟೂಲು.
ಮೋಟಾರು ಹಾಕಿಸಿದ ಮೇಲೆ ಪೆಡಲು ಬಿಚ್ಚಿ
ಖಾಲಿ ಬಿದ್ದಿತ್ತಲ್ಲ, ಮೆಷಿನ್ನಿನ ಕೆಳಗಿನ ಆ ಜಾಗ,
ಅದೇ ಅವುಗಳ ಊರು.

ಬೆದರಿದರೆ ಬುರ್ಲಿ ಓಡುವುದಿಲ್ಲ,
ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ.
ಕುಕ್ಕರು ಕೂಗಿದರೆ,
ಓಣಿಯಲ್ಲಿ ಸಿಲಿಂಡರು ಇಳಿಸಿದರೆ,
ಧಡ್.
ಮೊದಲ ವಾರವೇ ಒಬ್ಬಳ ನೆತ್ತಿ ಒಡೆಯಿತು, ಅರಿಶಿನ ಮೆತ್ತಿದೆ.
ತಂತಿಯ ಮುಚ್ಚಳ ಕಿತ್ತೆಸೆದು
ಮಿಕ್ಕ ಅಸ್ತರಿನ ಚೂರುಗಳನ್ನೆಲ್ಲ ಜೋಡಿಸಿ
ಮೆತ್ತನೆಯ ಸೂರು ಹೊಲಿದೆ.
ಈಗ ಹಾರಿದರೆ ಬಟ್ಟೆ ಉಬ್ಬುತ್ತದೆ,
ಹೊದಿಕೆಯೊಳಗೇ ಎದ್ದು ಕೂತ ಮಗುವಿನಂತೆ,
ಮತ್ತೆ ತಗ್ಗುತ್ತದೆ.
'ನನಗೂ ಒಂದು ಹೊಲಿ' ಅನ್ನುತ್ತಾನೆ ಆರಡಿಯ ನನ್ನ ಗಂಡ,
ಅಟ್ಟಕ್ಕೆ ಹಣೆ ಬಡಿದುಕೊಂಡಾಗಲೆಲ್ಲ.

ಖೈರುನ್ನಿಸಾ ಭಟ್ಟಿಯಿಂದ ಬರುವಾಗ
ಊಟದ ಡಬ್ಬಿಯಲ್ಲಿ ಆರಿದ ಹೊಟ್ಟಿನ ಬೂದಿ ತರುತ್ತಾಳೆ.
ಅದರಲ್ಲಿ ಅವು ಹೊರಳುವ ಸಂಭ್ರಮ ನೋಡಬೇಕು,
ದೀಪಾವಳಿಯ ಎಣ್ಣೆಸ್ನಾನ ಏನೂ ಅಲ್ಲ.
ಎದ್ದ ಬೂದಿ ಯಾರದೋ ಮಗಳ ಬಿಳಿ ಸ್ಯಾಟಿನ್ನಿನ ಮೇಲೆ ಕೂರುತ್ತದೆ.
ಒದರಿ, ಮಡಚಿ, ಏನೂ ಆಗದವಳಂತೆ ಕೊಡುತ್ತೇನೆ.
ವಾಸನೆಗೆ ಊದುಬತ್ತಿ ಇದೆ.

ಮೊಟ್ಟೆ ಬೆಟ್ಟದ ನೆಲ್ಲಿಯಷ್ಟು.
ಒಬ್ಬಳದು ಶಾಯಿ ಚೆಲ್ಲಿದ ಹಾಗೆ,
ಒಬ್ಬಳದು ರಾಗಿ ಎರಚಿದ ಹಾಗೆ,
ನೆತ್ತಿ ಒಡೆದವಳದು ಒಂದೇ ಮಗ್ಗುಲಿಗೆ ಕಂದು.
ದಿನವೂ ಅದೇ ಗುರುತು, ತಪ್ಪುವುದಿಲ್ಲ.
ನನ್ನ ರುಜು ಸರಿಹೊಂದಲಿಲ್ಲವೆಂದು
ಬ್ಯಾಂಕಿನವರು ಎರಡು ಸಲ ವಾಪಸು ಕಳಿಸಿದ್ದಾರೆ.
ಇಟ್ಟ ಮೇಲೆ ತಿರುಗಿ ನೋಡುವುದಿಲ್ಲ ಇವರು.
ಕಾವು ಕೂರುವುದು
ಯಾವ ಕಾಲಕ್ಕೋ ಮರೆತೇ ಹೋಗಿದೆಯಂತೆ.

ಲಗ್ನದ ತಿಂಗಳುಗಳಲ್ಲಿ ರಾತ್ರಿ ಒಂದರವರೆಗೂ ಬಲ್ಬು.
ಹುಕ್ಕು, ಫಾಲು, ಬೆನ್ನಿಗೆ ದಾರ, ದಾರಕ್ಕೆ ಗೊಂಡೆ.
ಗಂಡು ಹಗಲೆಂದೇ ತಿಳಿದು ಕೂಗುತ್ತಾನೆ,
ಆಚೆ ಮನೆಯ ಪೀರಾಂಬಿ ಗೋಡೆ ಗುದ್ದುತ್ತಾಳೆ.
ಬೆಳಿಗ್ಗೆ ಅವಳಿಗೆ ಎರಡು ಮೊಟ್ಟೆ.
ಮತ್ತೆ ರಾತ್ರಿ ಅವನು ಕೂಗುತ್ತಾನೆ.

ಆಷಾಢ ಬಂತು. ಲಗ್ನವಿಲ್ಲ, ಬ್ಲೌಸಿಲ್ಲ.
ಎಂಟಕ್ಕೇ ದೀಪ ಆರಿಸಿದೆ, ಕರೆಂಟಾದರೂ ಉಳಿಯಲಿ.
ಹತ್ತು ದಿನಕ್ಕೆ ಒಬ್ಬಳು ನಿಲ್ಲಿಸಿದಳು, ಆಮೇಲೆ ಉಳಿದಿಬ್ಬರೂ.
ರೋಗವೆಂದು ಹೆದರಿ ಚಿಪ್ಪು ಕುಟ್ಟಿ ಹಾಕಿದೆ, ಕೊತ್ತಂಬರಿ ಕೊಟ್ಟೆ.
ಕುಬೇರಪ್ಪ ಫೋನಿನಲ್ಲಿ ನಕ್ಕ:
'ಬೆಳಕು ಬೇಕಕ್ಕ ಅವಕ್ಕೆ, ದಿನಕ್ಕೆ ಹದಿನಾಲ್ಕು ತಾಸು.
ನೀ ದುಡಿದಷ್ಟು ಹೊತ್ತು ಅವೂ ದುಡೀತಿದ್ವು.'

ಗೊತ್ತಿರಲಿಲ್ಲ ನನಗೆ.
ನಾನು ನಿದ್ದೆಗೆಟ್ಟಿದ್ದೆಲ್ಲ
ಅವರ ಒಡಲೊಳಗೆ ಸುಣ್ಣಗಟ್ಟಿ
ಚುಕ್ಕೆ ಚುಕ್ಕೆ ಬಿಡುತ್ತಿತ್ತೆಂದು.

'ಸುಮ್ನೆ ಬಲ್ಬು ಹಾಕಿಡು, ಮತ್ತೆ ಇಡ್ತವೆ' ಅಂದ.
ಕೈ ಸ್ವಿಚ್ಚಿನವರೆಗೂ ಹೋಗಿತ್ತು.
ಬಗ್ಗಿ ನೋಡಿದೆ. ನಾಲ್ವರೂ ಒತ್ತಿಕೊಂಡು ಕೂತಿದ್ದರು,
ಬೋಳಾಗಿದ್ದ ಬೆನ್ನಿನ ಮೇಲೆ
ಹುಲ್ಲಿನ ಮೊಳಕೆಯಂಥ ಹೊಸ ಗರಿ.
ನನ್ನ ತೋರುಬೆರಳಿನ ಸೂಜಿಗಾಯವೂ
ಆ ವಾರವೇ ಮಾಯ್ದದ್ದು.

ಶ್ರಾವಣಕ್ಕೆಂದು ಹನ್ನೊಂದು ಬ್ಲೌಸು ಪೀಸು
ಆಗಲೇ ಬಂದು ಸ್ಟೂಲಿನ ಮೇಲೆ ಕೂತಿವೆ.
ಕೂತಿರಲಿ.
ಅವಕ್ಕೆ ಬೆನ್ನು ಮಾಡಿ ಮಲಗಿದೆ.

ನಡುರಾತ್ರಿ ಒಮ್ಮೆ ಸೂರು ಉಬ್ಬಿತು, ತಗ್ಗಿತು.
ಯಾರೂ ಬೆದರಿಸಿರಲಿಲ್ಲ.
ಕನಸಿರಬೇಕು.