ಕೆಡವಿ ಕಟ್ಟುವ ಕಡತ

ಗ್ಯೂಮ್ರಿಯ ಸಂಜೆ ಶಾಲೆ, ಎರಡನೇ ಮಹಡಿ.
ಕಿಟಕಿಯ ಸಂದಿಗೆ ಹಳೆಯ ಪತ್ರಿಕೆ ತುರುಕಿದ್ದೇನೆ,
ಆದರೂ ಚಳಿ ಒಳಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತಿದೆ.
ಹನ್ನೊಂದು ಕಂಪ್ಯೂಟರು, ಹದಿಮೂರು ಮಂದಿ, ಒಂದು ಹೀಟರು.
ಅದನ್ನು ಹಚ್ಚಿದರೆ
ಮೂರು ಪರದೆ ಕಣ್ಣು ಮುಚ್ಚುತ್ತವೆ.

ಕಳೆದ ವರ್ಷ ಎಲ್ಲವನ್ನೂ ಕೈಯಲ್ಲೇ ಮಾಡಿದೆ.
ನಿಜ ಯಂತ್ರದ ಹೊಟ್ಟೆಯಲ್ಲಿ ಹುಸಿ ಯಂತ್ರವೊಂದನ್ನು ಹೂಡಿ
ಅದಕ್ಕಿಷ್ಟು ಡಿಸ್ಕು, ಬೊಗಸೆಯಷ್ಟು ಮೆಮೊರಿ,
ಹೆಸರು, ಪಾಸ್‌ವರ್ಡು, ಯೆರೆವಾನಿನ ಗಡಿಯಾರ,
ಮುಂದೆ, ಮುಂದೆ, ಒಪ್ಪಿದ್ದೇನೆ, ಮುಂದೆ.
ಒಂದೊಂದಕ್ಕೂ ನಲವತ್ತು ನಿಮಿಷ.
ಅಷ್ಟರಲ್ಲಿ ಮೂಲೆಯ ಅರ್ಷಾವಿರ್
ಇಡಬೇಕಾದ ಒಂದು ಚುಕ್ಕಿ ಇಡದೆ
ಬೇರುಸಹಿತ ಎಲ್ಲವನ್ನೂ ಅಳಿಸಿ
‘ಟೀಚರ್, ಇದೇಕೋ ಮಾತಾಡ್ತಿಲ್ಲ’ ಅನ್ನುತ್ತಿದ್ದ.

ಮನೆ ಕಟ್ಟಿ ನೋಡು ಅಂದವರು
ಒಂದೇ ಮನೆಯನ್ನು ವಾರಕ್ಕೆ ಹನ್ನೊಂದು ಸಲ
ಕಟ್ಟಿರಲಾರರು.

ಈ ಚಳಿಗಾಲ ಒಂದು ರಾತ್ರಿ ಕೂತು ಸ್ಕ್ರಿಪ್ಟ್ ಬರೆದೆ.
ನಲವತ್ತಾರು ಸಾಲು.
ಹದಿನೇಳನೆಯದರಲ್ಲಿ ಮುಗ್ಗರಿಸಿತು, ಬೈದೆ, ಚಹಾ ಕುಡಿದೆ.
ಎರಡೂವರೆಗೆ ತಾನಾಗಿ ಎದ್ದು ನಿಂತಿತು:
ಒಳಗೆ ಪುಟ್ಟದೊಂದು ಶೆಲ್, ಅಭ್ಯಾಸಕ್ಕೆ ಬೇಕೆಂದೇ ಕೆಡಿಸಿಟ್ಟ ಲಾಗು,
ಎಣಿಸಲು ಸಾವಿರ ಸುಳ್ಳು ಹೆಸರು.
ಕೆಡವಿ ಮತ್ತೆ ಕಟ್ಟಲು ನಾಲ್ಕೇ ನಿಮಿಷ.
ಯಾರೂ ಇಲ್ಲದ ಕೋಣೆಯಲ್ಲಿ
ಆರು ಸಲ ಕೆಡವಿದೆ, ಬರೀ ಖುಷಿಗೆ.

ವರಾಜ್ದಾತ್‌ಗೆ ಐವತ್ತೈದು. ನೀರಿನ ಇಲಾಖೆಯಲ್ಲಿ ಕೆಲಸ.
ಮೀಟರುಗಳ ಲೆಕ್ಕವನ್ನು ಒಂದೇ ಲೂಪಿನಲ್ಲಿ ಕೂಡಿಸಬೇಕಂತೆ,
ಇಲಾಖೆಯ ಹುಡುಗರು ನಗಬಾರದಂತೆ.
ಬಿದ್ದರೂ ಮೀಸೆಗೆ ಮಣ್ಣು ಹತ್ತಿಸಿಕೊಳ್ಳದ ಆಸಾಮಿ,
ಎಂಟರ್ ಒತ್ತುವ ಮುನ್ನ ಮಾತ್ರ
ಬೆರಳನ್ನು ಗಾಳಿಯಲ್ಲಿ ಹಿಡಿದು ನನ್ನತ್ತ ನೋಡುತ್ತಾನೆ.
‘ಒತ್ತಿ,’ ಅನ್ನುತ್ತೇನೆ. ‘ಬಿದ್ದರೆ ಬೀಳಲಿ. ನಾಲ್ಕು ನಿಮಿಷ.’

ಮಂಗಳವಾರ ಸ್ಕ್ರಿಪ್ಟನ್ನೇ ಓದಲು ಕೊಟ್ಟೆ.
ಸಾಲಿಗೊಬ್ಬರಂತೆ ಗಟ್ಟಿಯಾಗಿ ಓದಿದರು.
ಹತ್ತೊಂಬತ್ತನೆಯದು ಅವನ ಪಾಲಿಗೆ ಬಂತು: ಕೆಡವು.
‘ಪಕ್ಕದಲ್ಲಿ ಒಂದು ಅಕ್ಷರ ಇದೆಯಲ್ಲ, ಅದೇನು?’
‘ಕೇಳದೆ ಕೆಡವು ಅಂತ.
ಇಲ್ಲದಿದ್ದರೆ ಪ್ರತಿ ಸಲ ಖಚಿತವೇ ಅಂತ ಕೇಳುತ್ತದೆ,
ಹೊತ್ತು ಹಾಳು.’
ಅವನು ‘ಓ’ ಅಂದ.
ಹೊರಗೆ ಕರಿಗಲ್ಲಿನ ಗೋಡೆ, ಅದರಾಚೆ
ತಾತ್ಕಾಲಿಕ ಎಂದು ಆ ಡಿಸೆಂಬರಿನ ನಂತರ ಕೊಟ್ಟ ತಗಡಿನ ಮನೆಗಳ ಸಾಲು.
ಮೂವತ್ತು ವರ್ಷ ಅವನು ಅಲ್ಲೇ ಇದ್ದ,
ಅಲ್ಲೇ ಮದುವೆಯಾದ. ಹೋದ ವರ್ಷವಷ್ಟೇ ಬಿಟ್ಟ.
ಇದನ್ನೆಲ್ಲ ಅವನು ಹೇಳಲಿಲ್ಲ.
ಮುಂದಿನ ಸಾಲು ಓದುವ ಸರದಿ ಅನಾಹಿತಳದು, ಓದಿದಳು.

ರಾತ್ರಿ ಆ ಒಂದಕ್ಷರ ತೆಗೆದೆ.
ಈಗ ಯಂತ್ರ ಬೀಳುವ ಮೊದಲು ಕೇಳುತ್ತದೆ,
ಕರ್ಸರು ಮಿಟುಕಿಸುತ್ತ ಉತ್ತರಕ್ಕೆ ಕಾಯುತ್ತದೆ.
ಹುಡುಗರು ಗೊಣಗಿದರು.

ಗುರುವಾರ ವರಾಜ್ದಾತ್ ತಾನೇ ಹೌದು ಒತ್ತಿದ, ಗಟ್ಟಿಯಾಗಿ.
ಬಿತ್ತು. ಎದ್ದಿತು. ನಾಲ್ಕು ನಿಮಿಷ ಹನ್ನೊಂದು ಸೆಕೆಂಡು.
ಒಳಗೆ ಹೊಕ್ಕು ಪಟ್ಟಿ ಕೇಳಿದ. ಮತ್ತೆ ಕೇಳಿದ.
‘ಶುಶಾನಿಕ್ ಟೀಚರ್, ಮನೆ ಅದೇ.
ನಿನ್ನೆಯ ನನ್ನ ಲೆಕ್ಕ ಎಲ್ಲಿ?’

ನಾನು ಅದನ್ನು ಯೋಚಿಸಿರಲಿಲ್ಲ.
ನಲವತ್ತಾರು ಸಾಲಿನಲ್ಲಿ ಎಲ್ಲೂ.

ಕುರ್ಚಿ ಎಳೆದುಕೊಂಡು ಕೂತೆವು. ಕೀಲಿಮಣೆ ಅವನ ಕೈಯಲ್ಲಿ.
ಕೆಡವುವ ಸಾಲಿಗಿಂತ ಮೇಲೆ ಹೊಸ ಸಾಲು:
ಒಳಗಿರುವುದನ್ನೆಲ್ಲ ಮೊದಲು ಹೊರಗೆ ಸಾಗಿಸು.
ಮೊದಲ ಸಲ ತಪ್ಪಿತು. ಅವನ ಕಡತದ ಹೆಸರು ನೀರು ಡಿಸೆಂಬರ್,
ನಡುವಿನ ಖಾಲಿ ಜಾಗದಲ್ಲಿ ಮುರಿದು ಎರಡಾಯಿತು,
ನೀರು ಎಂಬುದೂ ಇಲ್ಲ, ಡಿಸೆಂಬರ್ ಎಂಬುದೂ ಇಲ್ಲ
ಎಂದು ಶೆಲ್ ದೂರಿತು.
‘ಎರಡೂ ಬದಿಗೆ ಉದ್ಧರಣ ಚಿಹ್ನೆ ಹಾಕಿ,’ ಅಂದೆ.
ಹಾಕಿದ, ಒಂದೇ ಬೆರಳಿನಲ್ಲಿ,
ಒಂದು ಈಚೆ,
ಇನ್ನೊಂದನ್ನು ಹುಡುಕಿ ಹುಡುಕಿ ಆಚೆ.

ಅಷ್ಟರಲ್ಲಿ ಯಾರೋ ಚಳಿ ತಡೆಯದೆ ಹೀಟರು ಹಚ್ಚಿದರು.